ಗೋಡೆಯಾಚೆಯ ರೊಟ್ಟಿ ಸಪ್ಪಳ

ಸ್ವಲ್ಪ ಬಿಡುವು ಮಾಡಿಕೊಂಡು ಓದಿ...

ಬಾಗಲಕೋಟೆ ಕಡೆಯ ಒಂದು ಊರು. ನಡುವೆ ಒಂದೇ ಗೋಡೆ ಇರುವ ಎರಡು ಮನೆ.

ಒಂದರಲ್ಲಿ ಚನ್ನವೀರಪ್ಪ, ಕೋರ್ಟಿನಲ್ಲಿ ಗುಮಾಸ್ತರಾಗಿ ರಿಟೈರ್ ಆದವರು. ಹೆಂಡತಿ ಶಿವಗಂಗಮ್ಮನಿಗೆ ಸ್ಟ್ರೋಕ್ ಆಗಿ ಮಾತು ನಿಂತಿತ್ತು, ಬಲಗೈ ಸ್ವಾಧೀನ ತಪ್ಪಿತ್ತು.

ಗಂಜಿ ಕುಡಿಸುವುದು, ಮೈ ಒರೆಸುವುದು ಎಲ್ಲ ಗಂಡನೇ. ಒಂದು ದಿನವೂ ಬೇಸರಪಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಅವರ ಮೇಲೆ ನಿಮಗೆ ಸಿಟ್ಟು ಬರುತ್ತದೆ.

ಇನ್ನೊಂದರಲ್ಲಿ ಕಸ್ತೂರವ್ವ. ಗಂಡ ತೀರಿಹೋಗಿದ್ದ. ಜೊತೆಗಿದ್ದದ್ದು ಕಣ್ಣು ಕಾಣದ ಅತ್ತೆ ಮಾತ್ರ.

ಅತ್ತೆಯನ್ನು ಒಬ್ಬಳನ್ನೇ ಬಿಟ್ಟು ದುಡಿಯಲು ಹೋಗುವಂತಿರಲಿಲ್ಲ. ಹಾಗಾಗಿ ನಸುಕಿನಲ್ಲೇ ಎದ್ದು, ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಪೇಟೆಯ ಖಾನಾವಳಿಗೆ ಕೊಡುತ್ತಿದ್ದಳು.

ಒಂದು ದಿನ ಖಾನಾವಳಿಯವರು, ಇನ್ನು ಮೇಲೆ ಲೈಸೆನ್ಸ್ ಇದ್ದರೆ ಮಾತ್ರ ರೊಟ್ಟಿ ತಗೊಳ್ಳುತ್ತೇವೆ ಎಂದರು.

ಕಸ್ತೂರವ್ವ ಪುರಸಭೆಗೆ ಅರ್ಜಿ ಹಾಕಿದಳು. ಇದು ಜನ ವಾಸ ಮಾಡುವ ಓಣಿ, ಇಲ್ಲಿ ಮನೆಯೊಳಗೆ ವ್ಯಾಪಾರ ನಡೆಸಬೇಕಾದರೆ ಅಕ್ಕಪಕ್ಕದವರ ತಕರಾರು ಇರಬಾರದು ಎಂದು ಅಲ್ಲಿ ಹೇಳಿದರು.

ತಕರಾರು ಇತ್ತು...

ಗೋಡೆಯಾಚೆ ರೊಟ್ಟಿ ಸಪ್ಪಳ ಶುರುವಾದರೆ ಸಾಕು, ಈಚೆ ಶಿವಗಂಗಮ್ಮನ ಎಡಗೈ ಮಂಚವನ್ನು ಬಡಿಯುತ್ತಿತ್ತು. ಆಚೆ ನಿಂತರೆ ಈಚೆಯೂ ನಿಲ್ಲುತ್ತಿತ್ತು.

ಹೆಂಡತಿ ನರಳುತ್ತಿದ್ದಾಳೆ, ಬಾಯಿಲ್ಲದೆ ಕೈಯಲ್ಲಿ ಹೇಳುತ್ತಿದ್ದಾಳೆ ಎಂದೇ ಚನ್ನವೀರಪ್ಪ ತಿಳಿದರು. ಕೋರ್ಟಿನಲ್ಲಿ ಪಳಗಿದ ಕೈ... ತಕರಾರನ್ನು ಚೆನ್ನಾಗಿಯೇ ಬರೆದುಕೊಟ್ಟರು.

ಕಸ್ತೂರವ್ವ ಅವರ ಬಾಗಿಲಿಗೆ ಹೋಗಿ ಬೇಡಿಕೊಂಡಳು. "ನಸುಕಿನ್ಯಾಗ ಬ್ಯಾಡಂದ್ರ ಹೊತ್ತೇರಿದ ಮ್ಯಾಲೆ ಬಡೀತೀನ್ರಿ ಕಾಕಾ." ಅವರು ಬಾಗಿಲು ತೆರೆಯಲಿಲ್ಲ.

ಪುರಸಭೆಯ ಅಧಿಕಾರಿ ಪರಿಶೀಲನೆಗೆ ಬಂದರು. ದಿನದಂತೆ ರೊಟ್ಟಿ ಬಡಿಯಮ್ಮ ಎಂದು ಕಸ್ತೂರವ್ವನಿಗೆ ಹೇಳಿ, ತಾವು ಚನ್ನವೀರಪ್ಪನವರ ಮನೆಗೆ ಬಂದು ಮಂಚದ ಪಕ್ಕ ನಿಂತರು.

ಆಚೆ ಸಪ್ಪಳ ಶುರುವಾಯಿತು. ಈಚೆ ಆ ಎಡಗೈ ಎದ್ದಿತು...

ಅಧಿಕಾರಿ ಅಯ್ಯೋ ಪಾಪ ಎಂದರು. ಅನುಮತಿ ಸಿಗಲಿಲ್ಲ. ಅವರನ್ನೂ ದೂರಲಾರೆ, ಕಣ್ಣಿಗೆ ಕಂಡದ್ದನ್ನು ಬರೆದರು.

ಕಸ್ತೂರವ್ವ ಖಾನಾವಳಿಯ ಅಡುಗೆಮನೆಗೇ ಕೂಲಿಗೆ ಸೇರಿದಳು. ಅತ್ತೆಯನ್ನು ಒಳಗೆ ಕೂರಿಸಿ, ಹೊರಗಿನಿಂದ ಬೀಗ ಹಾಕಿ ಹೋಗುತ್ತಿದ್ದಳು. ಮಧ್ಯಾಹ್ನ ಆ ಮುದುಕಿ ಸೊಸೆಯ ಹೆಸರು ಹಿಡಿದು ಕೂಗುವುದು ಓಣಿಗೆಲ್ಲ ಕೇಳುತ್ತಿತ್ತು.

ಶಿವಗಂಗಮ್ಮನ ಕೈ ಸುಮ್ಮನಾಯಿತು. ಈಗ ಅವಳಿಗೆ ನೆಮ್ಮದಿ ಎಂದು ಚನ್ನವೀರಪ್ಪ ಬಂದವರಿಗೆಲ್ಲ ಹೇಳಿದರು.

ಬರಬರುತ್ತ ಆಕೆ ಗೋಡೆಯ ಕಡೆ ಮುಖ ಮಾಡಿ ಮಲಗತೊಡಗಿದರು. ಗಂಜಿ ಬಾಯಿಗಿಟ್ಟರೆ ಹೊರಗೆ ಹರಿಯುತ್ತಿತ್ತು. ವಯಸ್ಸಾಯಿತಲ್ಲ ಎಂದರು ಡಾಕ್ಟರು. ಯುಗಾದಿಗೆ ಮುಂಚೆ ಆಕೆ ಹೋಗಿಬಿಟ್ಟರು.

ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಪಕ್ಕದ ಮನೆಯವರು ರೊಟ್ಟಿ ತಂದುಕೊಡುವುದು ಆ ಓಣಿಯ ಪದ್ಧತಿ.

ಪಕ್ಕದ ಮನೆಯೆಂದರೆ ಕಸ್ತೂರವ್ವನದೇ. ಅವಳು ಬಂದಳು... ಬಟ್ಟೆಯಲ್ಲಿ ಸುತ್ತಿದ ಬಿಸಿ ರೊಟ್ಟಿ, ಒಂದು ಬಟ್ಟಲು ಕಡಲೆಹಿಟ್ಟಿನ ಜುಣಕ.

ಚನ್ನವೀರಪ್ಪನವರಿಗೆ ತಲೆಯೆತ್ತಲಾಗಲಿಲ್ಲ. "ನಿನ್ನ ಮ್ಯಾಲೆ ಹಗೆತನ ಇರಲಿಲ್ಲವ್ವ. ಸಪ್ಪಳಾದ್ರ ಆಕಿ ಸಂಕಟಪಟ್ಟು ಮಂಚಾ ಬಡೀತಿದ್ಲು" ಎಂದರು.

"ಹ್ಯಾಂಗ ಬಡೀತಿದ್ರು ಕಾಕಾ?"

ಅವರು ನೆಲದ ಮೇಲೆ ಕೈಯಿಟ್ಟು ತೋರಿಸಿದರು. ಅಂಗೈ ಅಗಲಿಸಿ ಎರಡು ಸಲ ಮೆಲ್ಲಗೆ... ತುಸು ತಿರುವಿ ಮತ್ತೆ ಎರಡು ಸಲ... ಸುತ್ತು ಮುಗಿದಾಗ, ಹಂಚಿಗೆ ಹಾಕುವ ಹಾಗೆ, ಕೈ ಮೇಲೆದ್ದಿತು.

ಎದ್ದ ಕೈ ಅಲ್ಲೇ ನಿಂತಿತು.

ಕಸ್ತೂರವ್ವ ಸೆರಗು ಬಾಯಿಗೊತ್ತಿಕೊಂಡಳು. "ಕಾಕಾ... ಕಾಕಿ ಮಂಚಾ ಬಡೀತಿದ್ದಿಲ್ರಿ. ನನ್ ಜೋಡಿ ರೊಟ್ಟಿ ಬಡೀತಿದ್ರು."

ಆ ಮಂಚದಲ್ಲಿ ಮಲಗಿದ್ದ ಹೆಂಗಸಿಗೆ ಇಡೀ ದಿನದಲ್ಲಿ ಉಳಿದಿದ್ದ ಕೆಲಸ ಅದೊಂದೇ. ಅದನ್ನು ಪ್ರೀತಿಯಿಂದಲೇ ಕಿತ್ತುಕೊಂಡಿದ್ದರು ಗಂಡ.

ಚನ್ನವೀರಪ್ಪ ಪುರಸಭೆಗೆ ಹೋಗಿ ತಕರಾರು ವಾಪಸ್ ಪಡೆದರು. ಹೊಸದಾಗಿ ಅರ್ಜಿ ಹಾಕಬೇಕು, ಮತ್ತೆ ಪರಿಶೀಲನೆ ಆಗಬೇಕು ಎಂದರಂತೆ. ಲೈಸೆನ್ಸ್ ಇನ್ನೂ ಬಂದಿಲ್ಲ.

ಅಲ್ಲಿಯವರೆಗೆ ಬೀಗ ಹಾಕಬೇಡ ಎಂದು ಕಸ್ತೂರವ್ವನಿಗೆ ಹೇಳಿ, ದಿನವೂ ಆ ಕಣ್ಣು ಕಾಣದ ಅತ್ತೆಯ ಹತ್ತಿರ ಅವರೇ ಹೋಗಿ ಕೂರುತ್ತಾರೆ.

ನಸುಕಿನಲ್ಲಿ ಮಾತ್ರ ಅವರಿಗೆ ತಾನಾಗಿಯೇ ಎಚ್ಚರವಾಗುತ್ತದೆ. ಗೋಡೆಯಾಚೆ ಸಪ್ಪಳವಿಲ್ಲ... ಈಚೆ ಮಂಚದ ಮೇಲೆ ಯಾರೂ ಇಲ್ಲ.

ನಮ್ಮವರ ಪರವಾಗಿ ಜಗಳಕ್ಕೆ ನಿಲ್ಲುವ ಮುಂಚೆ, ಅವರು ನಿಜವಾಗಿ ಏನು ಹೇಳುತ್ತಿದ್ದಾರೆ ಎಂದು ಒಮ್ಮೆ ಕುಳಿತು ನೋಡಬೇಕು.

ನಿಮ್ಮ ಮನೆಯಲ್ಲೂ ಮಾತಾಡಲಾರದವರು ಒಬ್ಬರಿರಬಹುದು... ಅವರ ಕೈ ಏನು ಹೇಳುತ್ತಿದೆ, ನೋಡಿದ್ದೀರಾ?