ಗಾಳಿಗೆ ಲಾಳ

ಬಿತ್ತನೆಗೆ ಮುಂಚಿನ ದಿನಗಳು. ಹೊಲ ಹದ ಮಾಡಿ ಬಂದವರು ಕಾಲಿನ ಮಣ್ಣನ್ನೂ ತೊಳೆಯದೆ ಶಾಲೆಯ ಅಂಗಳದಲ್ಲಿ ಕೂತಿದ್ದರು. ಟೀಚರಮ್ಮ ಊರಿನ ಸದ್ದುಗಳನ್ನೆಲ್ಲ ರೆಕಾರ್ಡ್ ಮಾಡಿಕೊಂಡಿದ್ದಾಳಂತೆ, ಯಾವುದು ಎಲ್ಲಿಯದು ಅಂತ ಗುರುತು ಹಿಡಿಯಬೇಕಂತೆ ಎಂಬ ಸುದ್ದಿ ಹರಡಿ, ಮಕ್ಕಳಿಗಿಂತ ದೊಡ್ಡವರೇ ಹೆಚ್ಚು ಸೇರಿದ್ದರು. ಬಾವಿಯ ರಾಟೆ ಕಿರುಗುಟ್ಟಿದ್ದೇ ತಡ, "ನಮ್ಮ ಬೀದಿ ಬಾವಿ!" ಎಂದು ಹೆಂಗಸರ ಕಡೆಯಿಂದ ಕೂಗು ಬಂತು. ಹಿಟ್ಟಿನ ಗಿರಣಿಗೆ ನಗು, ದರ್ಜಿಯ ಹೊಲಿಗೆ ಯಂತ್ರಕ್ಕೆ ಚಪ್ಪಾಳೆ. ಟೀಚರಮ್ಮನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಕಮ್ಮಾರ ಒಗೆದ ಅಂಗಿ ತೊಟ್ಟು ಹಿಂದೆ ಗೋಡೆಗೆ ಒರಗಿ ನಿಂತಿದ್ದ. ತಾನಾಗಿ ಬಂದವನಲ್ಲ. ಹಿಂದಿನ ದಿನ ಟೀಚರಮ್ಮನೇ ಅವನ ಕುಲುಮೆಗೆ ಹೋಗಿ, "ನಮ್ಮ ಹಿತ್ತಲಲ್ಲಿ ನಿಂತು, ಗೋಡೆ ಆಚೆಯಿಂದ ನಿಮ್ಮ ಸುತ್ತಿಗೆ ಸದ್ದು ಹಿಡ್ಕೊಂಡಿದ್ದೀನಿ. ಗೊತ್ತಾದ್ರೆ ಜನ ಸಹಜವಾಗಿ ಇರಲ್ಲ ನೋಡಿ, ಅದಕ್ಕೇ ಹೇಳಲಿಲ್ಲ" ಎಂದಿದ್ದಳು. ಅವನು ಗಾಬರಿಯಾಗಿ, "ನಂದ್ಯಾಕೆ ತಾಯಿ, ಬಿಟ್ಬಿಡಿ" ಎಂದಿದ್ದ. ಬಾಗಿಲ ತನಕ ಬಂದು ಇನ್ನೊಮ್ಮೆ ಅದನ್ನೇ ಹೇಳಿದ್ದ. ಸಂಕೋಚದ ಮನುಷ್ಯ ಎಂದುಕೊಂಡು ಟೀಚರಮ್ಮ ನಕ್ಕಿದ್ದಳು. ಅವನ ಹೆಂಡತಿಯಂತೂ ಎಲ್ಲರಿಗಿಂತ ಮುಂದೆ ಜಾಗ ಹಿಡಿದು, "ನಮ್ಮೋರನ್ನ ಎಬ್ಬಿಸ್ಕೊಂಡು ಬರೋದ್ರಲ್ಲಿ ಸಾಕಾಗ್ಹೋಯ್ತು ಕಣಕ್ಕ. ತಲೆ ಎತ್ತೋಕೆ ಪುರುಸೊತ್ತಿಲ್ಲ, ಅಷ್ಟು ಕೆಲಸ" ಎಂದು ಪಕ್ಕದವಳ ಮುಂದೆ ಹೇಳಿಕೊಳ್ಳುತ್ತಿದ್ದಳು.

ಠಣ್, ಠಣ್, ಠಣ್. ಬೆಳಗಾಗುತ್ತಲೇ ಬೀದಿಯನ್ನು ಎಬ್ಬಿಸುವ ಸದ್ದು. "ಕುಲುಮೆ! ಕುಲುಮೆ!" ಎಂದು ಮಕ್ಕಳು ಕುಣಿದವು. ಗಾಡಿ ತಾತ ಮಾತ್ರ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದ. ಗಾಡಿ ಹೊಡೆಯುತ್ತಿದ್ದ ಕಾಲದಲ್ಲಿ ಚಕ್ರಕ್ಕೆ ಪಟ್ಟಿ ಹಾಕಿಸುತ್ತ ಕುಲುಮೆಯ ಮುಂದೆಯೇ ಅರ್ಧ ಆಯುಷ್ಯ ಕಳೆದವನು. "ಇನ್ನೊಂದ್ಸಲ ಹಾಕವ್ವ" ಎಂದ. ಟೀಚರಮ್ಮ ಹುರುಪಿನಿಂದ ಮತ್ತೆ ಹಾಕಿದಳು. ಎಲ್ಲರಿಗೂ ಕೇಳಲೆಂದು ಇನ್ನಷ್ಟು ಜೋರು ಮಾಡಿದಳು.

"ಅಡಿಗಲ್ಲಿನ ಮೇಲೆ ಕಬ್ಬಿಣಾನೇ ಇಲ್ವಲ್ಲ!" ಎಂದ ತಾತ, ಒಗಟು ಬಿಡಿಸಿದ ಮಗುವಿನ ಖುಷಿಯಲ್ಲಿ. "ಕಾದ ಕಬ್ಬಿಣ ಇಟ್ಟು ಬಡಿದ್ರೆ ದಪ್ ಅನ್ಬೇಕು. ಇದು ಬರೀ ಅಡಿಗಲ್ಲಿನ ಉಕ್ಕಿಗೆ ಸುತ್ತಿಗೆ ಬೀಳೋದು, ಅದಕ್ಕೇ ಹೀಗೆ ಗಂಟೆ ಥರ ಮೊಳಗ್ತಿದೆ. ತಿದಿ ಒತ್ತೋ ಸದ್ದಾದ್ರೂ ಇದೆಯಾ, ನೀವೇ ಕೇಳಿ."

ಹಾಲಿನವನು ಕಮ್ಮಾರನ ಕಡೆ ತಿರುಗಿ, "ಏನಣ್ಣೋ, ದಿನಾ ಬೆಳಿಗ್ಗೆ ಗಾಳಿಗೆ ಲಾಳ ಕಟ್ತಿದ್ದೀಯಾ?" ಎಂದ. ಅಂಗಳಕ್ಕೆ ಅಂಗಳವೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕಮ್ಮಾರನೂ ನಕ್ಕ, ಎಲ್ಲರಿಗಿಂತ ತುಸು ಹೆಚ್ಚೇ ಹೊತ್ತು. ಅವನ ಹೆಂಡತಿ ಕುತ್ತಿಗೆ ಹೊರಳಿಸಿ ಗಂಡನ ಮುಖ ನೋಡಿದಳು. ಮತ್ತೆ ಮುಂದಕ್ಕೆ ತಿರುಗಿದವಳು ಪಕ್ಕದವಳಿಂದ ಒಂದಿಷ್ಟು ದೂರ ಸರಿದು ಕೂತಳು. ಟೀಚರಮ್ಮ ಆ ಸದ್ದನ್ನು ನಿಲ್ಲಿಸಲು ಹೋದರೆ ಬಟನ್ನೇ ಬೆರಳಿಗೆ ಸಿಗದು. ಠಣ್, ಠಣ್ ಎನ್ನುತ್ತಲೇ ಇತ್ತು.

ಮರುದಿನ ಬೀದಿ ಸದ್ದಿಲ್ಲದೆ ಎದ್ದಿತು. ಟೀಚರಮ್ಮ ಹಾಸಿಗೆಯಲ್ಲೇ ಕಿವಿಗೊಟ್ಟು ಕಾದಳು. ರಾಟೆ ಕಿರುಗುಟ್ಟಿತು, ಗಿರಣಿ ಶುರುವಾಯಿತು, ಗೋಡೆಯಾಚೆ ಮಾತ್ರ ಏನೂ ಇಲ್ಲ. "ಬಿಟ್ಬಿಡಿ" ಎಂದ ಅವನ ದನಿ ಈಗ ಸರಿಯಾಗಿ ಕೇಳಿಸತೊಡಗಿತು. ಎದ್ದು ಮನೆಯೆಲ್ಲ ಹುಡುಕಿದಳು. ಕಮ್ಮಾರನ ಹತ್ತಿರ ಒಯ್ಯುವಂಥ ಮೊಂಡು ಕತ್ತಿಯಾಗಲಿ ಕುಡುಗೋಲಾಗಲಿ ಒಂದೂ ಇರಲಿಲ್ಲ. ಅಂಗಡಿಯಿಂದ ತಂದ ಹೊಸ ಗುದ್ದಲಿಯೊಂದಿತ್ತು. ಅದನ್ನು ಹಿತ್ತಲಿಗೆ ಒಯ್ದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಾಯಿ ಮಡಚಿಕೊಳ್ಳುವ ತನಕ ಬಡಿದಳು.

ಕುಲುಮೆಯಲ್ಲಿ ಕಮ್ಮಾರ ಬೂದಿಯ ಮುಂದೆ ಕೂತಿದ್ದ. ಗುದ್ದಲಿ ಇಸಿದುಕೊಂಡು ಅದರ ಬಾಯಿಯ ಮೇಲೆ ಹೆಬ್ಬೆರಳು ಆಡಿಸಿದ. ಆ ಬೆರಳಿನಲ್ಲಿ ಮಸಿಯ ಗುರುತೇ ಇಲ್ಲದ್ದು ಟೀಚರಮ್ಮನ ಕಣ್ಣಿಗೆ ಬಿದ್ದದ್ದು ಆಗಲೇ.

"ಹೊಸದಲ್ವಾ ತಾಯಿ ಇದು?"

"ಹೂಂ... ತೋಟದಲ್ಲಿ ಅಗೀತಾ ಇದ್ದೆ, ಕಲ್ಲು ತಗುಲಿಬಿಡ್ತು."

ಅವನು ಇದ್ದಿಲು ಸುರಿದು ಬೆಂಕಿ ಮಾಡಿದ. ಬಿರುಕು ಬಿಟ್ಟಿದ್ದ ತಿದಿ ಮೊದಲು ಏದುಸಿರು ಬಿಟ್ಟು ಆಮೇಲೆ ಹದಕ್ಕೆ ಬಂತು. ಗುದ್ದಲಿ ಕೆಂಪಗೆ ಕಾದಾಗ ಇಕ್ಕಳದಲ್ಲಿ ಹಿಡಿದು ಅಡಿಗಲ್ಲಿಗಿಟ್ಟು ಬಡಿದ. ದಪ್, ದಪ್, ದಪ್. ಒಳಗಿನಿಂದ ಅವನ ಹೆಂಡತಿ ಬಂದು ಬಾಗಿಲಲ್ಲಿ ನಿಂತಳು. ಟೀಚರಮ್ಮನ ಕಡೆ ನೋಡದೆ, ಕಾದ ಕಬ್ಬಿಣವನ್ನೇ ನೋಡುತ್ತ ನಿಂತು, ಒಳಗೆ ಹೋದಳು.

ನೀರಿಗೆ ಅದ್ದಿ ತೆಗೆದ ಗುದ್ದಲಿಯನ್ನು ಅವನು ಬಟ್ಟೆಯಲ್ಲಿ ಒರೆಸಿ ಕೊಟ್ಟ. ಟೀಚರಮ್ಮ ಕೂಲಿಯ ದುಡ್ಡು ಹಿಡಿದು ಚಾಚಿದ ಕೈಯನ್ನು ಕಂಡೂ ಕಾಣದವನಂತೆ ಕೂತ.

"ಇವತ್ತು ಬೆಳಿಗ್ಗೆ ನಿಮ್ಮ ಹಿತ್ತಲಲ್ಲಿ ಯಾರೋ ಕಲ್ಲಿಗೆ ಕಬ್ಬಿಣ ಬಡೀತಿದ್ರು" ಎಂದ. ದನಿಯಲ್ಲಿ ಕೊಂಕೇನೂ ಇರಲಿಲ್ಲ. "ಅದನ್ನೂ ಹಿಡ್ಕೊಂಡ್ರಾ ತಾಯಿ?"