ತಾತನ ಕೂಗು, ನನ್ನ ಗಂಟಲು

ತಪ್ಪು ನನ್ನದೇ. ಒಂಬತ್ತು ವರ್ಷಕ್ಕೇ ಪ್ರಿನ್ಸಿಪಾಲರಿಂದ ಹಿಡಿದು ಅಮ್ಮನವರೆಗೆ ಎಲ್ಲರ ದನಿ ನನ್ನ ಗಂಟಲಲ್ಲಿತ್ತು, ಬುದ್ಧಿಯೊಂದು ಮಾತ್ರ ತಲೆಯಲ್ಲಿರಲಿಲ್ಲ. ಈಗಲೂ ಹೊಸ ಹಗ್ಗದ ವಾಸನೆ ಬಂದರೆ ಅಟ್ಲಾಂಟಾದ ಆ ಮಧ್ಯಾಹ್ನ ನೆನಪಾಗುತ್ತದೆ.

ಪಕ್ಕದ ಮನೆಯ ಕೆಂಜಿ ನಮ್ಮನ್ನು ಜಪಾನಿಯರ ಶರತ್ಕಾಲದ ಹಬ್ಬಕ್ಕೆ ಕರೆದಿದ್ದ. ಪಾರ್ಕಿಂಗ್ ಲಾಟಿನಲ್ಲಿ ಕಾಗದದ ದೀಪಗಳು ತೂಗುವ ಮರದ ಬಂಡಿ, ಅದರ ಮೇಲೆ ಬೀಸಣಿಗೆ ಹಿಡಿದ ಅವನ ತಾತ. ಅವರು "ವಾಸ್ಶೊಯ್!" ಎಂದು ಕೂಗಿದರೆ ಮಕ್ಕಳೆಲ್ಲ ಒರಟು ಹಗ್ಗ ಎಳೆಯಬೇಕು. ತಾತ ನೀರು ಕುಡಿಯಲು ಬಾಟಲಿ ಎತ್ತಿದರು. ನಾನು ಅವರದೇ ಒಡಕು ದನಿಯಲ್ಲಿ ಕೂಗಿಬಿಟ್ಟೆ. ಎಲ್ಲರೂ ಎಳೆದರು. ಬಂಡಿ ಮುಗ್ಗರಿಸಿತು, ನೀರೆಲ್ಲ ತಾತನ ನಿಲುವಂಗಿಯ ಮೇಲೆ ಚೆಲ್ಲಿತು.

"ಸಾರಿ ಹೇಳೋ, ಮಂಗ!" ಎಂದು ಅಮ್ಮ ಕಿವಿ ಹಿಡಿದು ಎಳೆದೊಯ್ದಳು. ಇನ್ನು ಹಗ್ಗ ಮುಟ್ಟಲು ಬಿಡುವುದಿಲ್ಲವೆಂದು ನನಗೆ ಅಳುವೇ ಬಂತು. ತಾತ ಬೀಸಣಿಗೆಯನ್ನು ನನ್ನ ಕೈಗಿಟ್ಟು ಏನೋ ಅಂದರು. ಅವರ ಗಂಟಲು ಕಟ್ಟಿದೆಯಂತೆ, ಇನ್ನು ನೀನೇ ಕೂಗಬೇಕಂತೆ ಎಂದು ಕೆಂಜಿ ನಗುತ್ತ ತಿಳಿಸಿದ.

ಸಂಜೆಯವರೆಗೂ ಬಂಡಿಯ ಮೇಲೆ ನಿಂತು ಕೂಗಿದೆ. ಇಳಿದಾಗ "ಅಮ್ಮಾ" ಎನ್ನಲೂ ದನಿ ಉಳಿದಿರಲಿಲ್ಲ. ಅಮ್ಮ ತಾತನಿಗೆ ಕೈಮುಗಿದು ಕನ್ನಡದಲ್ಲೇ ಬೇಡಿಕೊಂಡಳು:

"ಅಂಕಲ್, ಈ ಹಬ್ಬಾನ ಪ್ರತಿ ವೀಕೆಂಡ್ ಮಾಡಕ್ಕಾಗಲ್ವಾ?"