ವಾಲ್ವು ಕೆಂಪಾಗುವ ಹೊತ್ತು

ಬಿಸಿಯಾದ ಧೂಳಿನ ವಾಸನೆ ಬಂದರೆ ಈಗಲೂ ನನ್ನ ಬೆರಳು ಸ್ವಿಚ್ಚಿನಿಂದ ಹಿಂದೆ ಸರಿಯುತ್ತದೆ.

ಗೌರಿಬಿದನೂರಿನ ನಮ್ಮ ಮನೆಗೆ, ನಾನು ಚಿಕ್ಕವಳಿದ್ದಾಗ, ಒಂದು ಮಧ್ಯಾಹ್ನ ಟೀವಿ ರಿಪೇರಿಗೆ ರಾಮಾಂಜಣ್ಣ ಬಂದಿದ್ದರು. ಹಿಂದಿನ ಮುಚ್ಚಳ ಬಿಚ್ಚಿ, ಬಲ್ಬಿನಂಥ ಗಾಜಿನ ವಾಲ್ವುಗಳನ್ನೂ ಅವುಗಳ ಪಕ್ಕದ ಪುಟ್ಟ ಕಪ್ಪು ಐಸಿ ಚಿಪ್ ಅನ್ನೂ ನನಗೆ ತೋರಿಸಿದರು.

"ಈ ಐಸಿ ಹುಡುಗ್ರಿದ್ದಂಗೆ ಕಣಮ್ಮ, ಸ್ವಿಚ್ ಹಾಕಿದ ತಕ್ಷಣ ಮಾತು ಶುರು. ವಾಲ್ವು ನಮ್ಮಜ್ಜಿ ಇದ್ದಂಗೆ. ಮೈ ಕಾಯಿಸ್ಕೊಂಡೇ ಏಳೋದು."

ಆ ಅಜ್ಜಿ ಏಳುವುದನ್ನು ನೋಡಬೇಕೆನಿಸಿತು. ರಾಮಾಂಜಣ್ಣ ಕಾಫಿ ಕುಡಿಯಲು ಆ ಕಡೆ ತಿರುಗಿದಾಗ ಗೋಡೆಯ ಸ್ವಿಚ್ ಒತ್ತಿದೆ. ಸೌಂಡ್ ಇಳಿಸಿಟ್ಟಿದ್ದರಿಂದ ಸದ್ದೇನೂ ಬರಲಿಲ್ಲ. ಧೂಳು ಕಾದ ವಾಸನೆಯೊಡನೆ ವಾಲ್ವುಗಳೊಳಗೆ ಕೆಂಡದ ಬಣ್ಣ ನಿಧಾನವಾಗಿ ಏರಿತು. ನಾನು ಅದನ್ನೇ ನೋಡುತ್ತಿದ್ದೆ. ರಾಮಾಂಜಣ್ಣ ಲೋಟ ಕೆಳಗಿಟ್ಟು, ನೋಡದೆ ಒಳಗೆ ಕೈಹಾಕಿದರು. ಮರುಕ್ಷಣ ಗೋಡೆಗೆ ಬಡಿದು ಬಿದ್ದಿದ್ದರು.

ಅವರೇ ಎದ್ದು ಸ್ವಿಚ್ ಆರಿಸಿದರು. ಸದ್ದು ಕೇಳಿ ಓಡಿಬಂದ ಅಪ್ಪ, "ಯಾರು ಸ್ವಿಚ್ ಹಾಕಿದ್ದು?" ಎಂದು ನನ್ನನ್ನೇ ನೋಡಿದರು.

"ಯಾರೂ ಇಲ್ಲ ಸಾರ್," ಎಂದರು ರಾಮಾಂಜಣ್ಣ. "ಆಫ್ ಮಾಡಿದ್ರೂ ಪಿಕ್ಚರ್ ಟ್ಯೂಬಲ್ಲಿ ಕರೆಂಟ್ ನಿಂತಿರ್ತದೆ. ನಾನೇ ಮರ್ತೆ."

"ಇಷ್ಟು ವರ್ಷ ಏನು ಕಲಿತೆಯಯ್ಯಾ ನೀನು?"

ರಾಮಾಂಜಣ್ಣ ಮತ್ತೆ ಟೀವಿಯ ಹಿಂದೆ ಕೂತರು. ಶಾಕ್ ಹೊಡೆದ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡರು. ಎಡಗೈಯಲ್ಲೇ ಬೆಸುಗೆ ಮುಗಿಸಿ, ಅಪ್ಪ ಒಳಗೆ ಹೋದ ಮೇಲೆ ನನ್ನನ್ನು ಕರೆದರು.

"ಈಗ ನೀನೇ ಹಾಕಮ್ಮ."

ನನಗೆ ಕೈ ಎತ್ತಲಾಗಲಿಲ್ಲ. ಅವರು ಟೀವಿಯಿಂದ ನಾಲ್ಕು ಹೆಜ್ಜೆ ಹಿಂದೆ ಸರಿದು, ಎರಡೂ ಕೈ ಮೇಲೆತ್ತಿ ನಿಂತರು.

"ನೋಡು, ಕೈ ಎರಡೂ ಇಲ್ಲೇ ಅವೆ. ಹಾಕು."